ಸಾಲವಲ್ಲದ ಋಣ

2018ರ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಪೇಪರಿನಲ್ಲಿ ನಾವು ಐಎಂಎಫ್ ಎಂದು ಓದುವ ಸಂಸ್ಥೆ, ತನ್ನ ಮುಂದಿನ ಮುಖ್ಯ ಅರ್ಥಶಾಸ್ತ್ರಜ್ಞರ ಹೆಸರನ್ನು ಪ್ರಕಟಿಸಿತು. ಗೀತಾ ಗೋಪಿನಾಥ್. ಆ ಹುದ್ದೆಗೆ ಬಂದ ಮೊದಲ ಮಹಿಳೆ. ಜಗತ್ತಿಗೆ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ. ಮೈಸೂರಿಗೆ ಮಾತ್ರ ನಿರ್ಮಲಾ ಕಾನ್ವೆಂಟಿನಲ್ಲಿ, ಮಹಾಜನ ಪಿಯು ಕಾಲೇಜಿನಲ್ಲಿ ಓದಿದ ‘ನಮ್ಮೂರಿನ ಹುಡುಗಿ’.

ಈ ‘ನಮ್ಮ’ ಎನ್ನುವುದು ಎರಡೇ ಅಕ್ಷರದ ಮಾತು. ಆದರೆ ಅದರೊಳಗೆ ಏನೇನು ಸೇರಿಕೊಂಡಿದೆ ಎಂದು ನಾವು ಬಿಡಿಸಿ ನೋಡುವುದು ಕಡಿಮೆ. ಅದರಲ್ಲಿ ಪ್ರೀತಿ ಇದೆ, ನಿಜ. ಸ್ವಲ್ಪ ಹಕ್ಕೂ ಇದೆ. ‘ನಾವು ಕೊಟ್ಟಿದ್ದೇವೆ, ಆದ್ದರಿಂದ ನಮಗೆ ಏನೋ ಬರಬೇಕು’ ಎಂಬ ಲೆಕ್ಕವೂ ಒಂದು ಮೂಲೆಯಲ್ಲಿ ಕುಳಿತಿದೆ. ಊರು ಬಿಟ್ಟು ಹೋಗಿ ದೊಡ್ಡವರಾದವರಿಂದ ಊರಿಗೆ ಏನಾದರೂ ಬರಬೇಕೆ? ಬರಬೇಕಾದರೆ ಏನು, ಎಷ್ಟು, ಯಾರಿಗೆ? ಇದು ನಮ್ಮ ಮನೆಗಳಲ್ಲಿ ಅಮೆರಿಕದ ಮಗನ ಬಗ್ಗೆ, ಲಂಡನ್ನಿನ ಸೊಸೆಯ ಬಗ್ಗೆ ದಿನವೂ ಏಳುವ ಪ್ರಶ್ನೆ. ಹಣಕಾಸಿನ ಲೋಕದ ತುದಿಗೆ ಏರಿದ ಒಬ್ಬ ಹೆಣ್ಣುಮಗಳ ವೃತ್ತಿಜೀವನವನ್ನು ಎದುರಿಗಿಟ್ಟುಕೊಂಡು ನೋಡಿದರೆ ಅದರ ತೊಡಕು ಸ್ಪಷ್ಟವಾಗುತ್ತದೆ.

ಮೊದಲು ಆ ಜೀವನದ ದಾರಿ. ಗೀತಾ ಗೋಪಿನಾಥ್ ಹುಟ್ಟಿದ್ದು 1971ರಲ್ಲಿ, ಕೋಲ್ಕತ್ತದಲ್ಲಿ. ಮನೆತನದ ಬೇರು ಕೇರಳದ ಕಣ್ಣೂರಿನದು. ಬೆಳೆದದ್ದು ಮೈಸೂರಿನಲ್ಲಿ. ಪದವಿಗೆ ದೆಹಲಿಯ ಲೇಡಿ ಶ್ರೀರಾಮ್ ಕಾಲೇಜು, ಆಮೇಲೆ ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್. ಅಲ್ಲಿಂದ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ, ನಂತರ ಪ್ರಿನ್ಸ್‌ಟನ್. 2001ರಲ್ಲಿ ಅಲ್ಲಿಯೇ ಪಿಎಚ್‌ಡಿ. ಷಿಕಾಗೊದಲ್ಲಿ ಪಾಠ, 2005ರಿಂದ ಹಾರ್ವರ್ಡ್. 2019ರ ಜನವರಿಯಲ್ಲಿ ಐಎಂಎಫ್‌ನ ಮುಖ್ಯ ಅರ್ಥಶಾಸ್ತ್ರಜ್ಞೆ, 2022ರ ಜನವರಿಯಲ್ಲಿ ಅದರ ಎರಡನೇ ಅತಿ ದೊಡ್ಡ ಹುದ್ದೆಯಾದ ಪ್ರಥಮ ಉಪ ವ್ಯವಸ್ಥಾಪಕ ನಿರ್ದೇಶಕಿ. 2025ರಲ್ಲಿ ಅದನ್ನು ಬಿಟ್ಟು ಮತ್ತೆ ಹಾರ್ವರ್ಡ್‌ನ ತರಗತಿಗೆ.

ಈ ದಾರಿಯಲ್ಲಿ ‘ನಮ್ಮ’ ಎನ್ನಲು ಎಷ್ಟು ಊರುಗಳು ಸಾಲುಗಟ್ಟಿ ನಿಂತಿವೆ ನೋಡಿ. ಹುಟ್ಟಿದ ಊರು ಕೋಲ್ಕತ್ತಕ್ಕೆ ಒಂದು ಹಕ್ಕಿದೆ. ಮನೆಮಾತಿನ ಕೇರಳಕ್ಕೆ ಇನ್ನೊಂದು. ಕೇರಳ ಆ ಹಕ್ಕನ್ನು ಒಮ್ಮೆ ಚಲಾಯಿಸಿಯೂ ನೋಡಿತು: 2016ರಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರನ್ನು ಆರ್ಥಿಕ ಸಲಹೆಗಾರರನ್ನಾಗಿ ನೇಮಿಸಿದರು. ಎಡಪಂಥದೊಳಗಿಂದಲೇ ಆಕ್ಷೇಪ ಎದ್ದಿತು. ಮಲಯಾಳಿ ಎಂಬ ಹೆಮ್ಮೆ ಒಂದು ಕಡೆ, ಮುಕ್ತ ಮಾರುಕಟ್ಟೆಯ ಅರ್ಥಶಾಸ್ತ್ರ ಎಂಬ ಅನುಮಾನ ಇನ್ನೊಂದು ಕಡೆ. ಇನ್ನು ದೆಹಲಿಗೆ ಕಲಿಸಿದ ಹಕ್ಕು, ಅಮೆರಿಕಕ್ಕೆ ಪೌರತ್ವ ಕೊಟ್ಟ ಹಕ್ಕು.

ಈ ಕೊನೆಯದು ಸಣ್ಣ ವಿಷಯವಲ್ಲ. ಭಾರತದ ಕಾನೂನು ಎರಡು ದೇಶದ ಪೌರತ್ವವನ್ನು ಒಪ್ಪುವುದಿಲ್ಲ. ಅಮೆರಿಕದ ಪ್ರಜೆಯಾದವರು ಇಲ್ಲಿಯ ಪೌರತ್ವವನ್ನು ಬಿಟ್ಟವರೇ. ಐಎಂಎಫ್‌ನಲ್ಲಿ ಎಲ್ಲೂ ಬರೆದಿಡದ ಒಂದು ಪದ್ಧತಿಯೂ ಇದೆ. ಮೇಲಿನ ಕುರ್ಚಿ ಯೂರೋಪಿನವರಿಗೆ, ಅದರ ಕೆಳಗಿನ ಪ್ರಥಮ ಉಪ ಕುರ್ಚಿ ಅಮೆರಿಕದವರಿಗೆ. ಅಂದಮೇಲೆ ಮೈಸೂರು ಯಾವ ಕುರ್ಚಿಯನ್ನು ನೋಡಿ ‘ನಮ್ಮ ಹುಡುಗಿ’ ಎಂದು ಬೀಗಿತೋ, ಆ ಕುರ್ಚಿ ಸಂಪ್ರದಾಯದ ಪ್ರಕಾರ ಅಮೆರಿಕದ ಪ್ರಜೆಗೆ ಮೀಸಲು. ‘ನಮ್ಮವರು’ ಆಗಿಯೇ ಉಳಿದಿದ್ದರೆ ಆ ಬಾಗಿಲು ತೆರೆಯುತ್ತಿದ್ದುದು ಕಷ್ಟ. ಇದನ್ನು ಕೊಂಕಿನಿಂದ ಹೇಳುತ್ತಿಲ್ಲ. ಸಂಸ್ಥೆಯಲ್ಲಿ ಅಮೆರಿಕದ ಮತಬಲ ಶೇ 16ಕ್ಕಿಂತ ಹೆಚ್ಚು, ಭಾರತದ್ದು ಶೇ 3ಕ್ಕಿಂತ ಕಡಿಮೆ ಎನ್ನುವುದು ಜಗತ್ತಿನ ಏರ್ಪಾಟು. ನಮ್ಮ ಹೆಮ್ಮೆ ಎಷ್ಟು ಬೇಗ ಈ ಏರ್ಪಾಟನ್ನು ಮರೆಸುತ್ತದೆ ಎನ್ನುವುದಷ್ಟೇ ಇಲ್ಲಿನ ಮಾತು.

ಇಷ್ಟೊಂದು ಹಕ್ಕುದಾರರ ನಡುವೆ ಋಣದ ಲೆಕ್ಕ ಹಾಕುವುದು ಹೇಗೆ? ಇಲ್ಲಿ ಕನ್ನಡ ನಮಗೊಂದು ದಾರಿ ತೋರಿಸುತ್ತದೆ. ನಮ್ಮಲ್ಲಿ ಸಾಲ ಬೇರೆ, ಋಣ ಬೇರೆ. ಸಾಲಕ್ಕೆ ಪತ್ರ ಉಂಟು, ಅಸಲು ಉಂಟು, ಬಡ್ಡಿ ಉಂಟು, ವಾಯಿದೆ ಉಂಟು. ಕೊಟ್ಟವರು ಯಾರು, ಪಡೆದವರು ಯಾರು ಎನ್ನುವುದರಲ್ಲಿ ಗೊಂದಲವಿಲ್ಲ. ತೀರಿಸಿದ ದಿನ ಇಬ್ಬರೂ ಅಪರಿಚಿತರಾಗಬಹುದು. ಅದೇ ಸಾಲದ ಸೊಗಸು. ಋಣ ಹಾಗಲ್ಲ. ಅನ್ನದ ಋಣ, ಉಪ್ಪಿನ ಋಣ, ನೆಲದ ಋಣ ಎನ್ನುತ್ತೇವೆ. ಅದಕ್ಕೆ ಮೊತ್ತವಿಲ್ಲ. ‘ಇಷ್ಟು ಕೊಟ್ಟೆ, ಇನ್ನು ಮುಗಿಯಿತು’ ಎಂದವನನ್ನು ನಾವು ಋಣ ತೀರಿಸಿದವನು ಎನ್ನುವುದಿಲ್ಲ, ಕೃತಘ್ನ ಎನ್ನುತ್ತೇವೆ. ಹಾಗೆಯೇ ‘ನಾನು ಹಾಕಿದ ಅನ್ನಕ್ಕೆ ಏನು ಕೊಡುತ್ತೀಯ’ ಎಂದು ಕೇಳಿದವನಿಗೂ ಗೌರವ ಉಳಿಯುವುದಿಲ್ಲ. ಋಣವನ್ನು ಪಡೆದವನು ನೆನೆಯಬೇಕು, ಕೊಟ್ಟವನು ಮರೆಯಬೇಕು. ಕೊಟ್ಟವನು ನೆನಪಿಸಿದ ಗಳಿಗೆಯಲ್ಲೇ ಅದು ಸಾಲವಾಗಿಬಿಡುತ್ತದೆ.

ಹಳೆಯ ಶಾಸ್ತ್ರ ಹೇಳುವ ಮೂರು ಋಣಗಳನ್ನು ನೋಡಿದರೂ ಇದು ಕಾಣುತ್ತದೆ. ಋಷಿಋಣ ತೀರುವುದು ಋಷಿಗೆ ಏನನ್ನೋ ಮರಳಿಸುವುದರಿಂದ ಅಲ್ಲ, ಓದುವುದರಿಂದ ಮತ್ತು ಓದಿಸುವುದರಿಂದ. ಪಿತೃಋಣ ತೀರುವುದು ಮುಂದಿನ ಪೀಳಿಗೆಯನ್ನು ಬೆಳೆಸುವುದರಿಂದ. ಪಡೆದದ್ದು ಹಿಂದಿನವರಿಂದ, ಕೊಡುವುದು ಮುಂದಿನವರಿಗೆ. ನೀರು ಕೊಟ್ಟ ಬೆಟ್ಟಕ್ಕೆ ಕಾವೇರಿ ಮರಳಿ ಹತ್ತುವುದಿಲ್ಲ, ಕೆಳಗಿನ ಗದ್ದೆಗೆ ಹರಿಯುತ್ತದೆ. ಆದರೆ ಆ ಶಾಸ್ತ್ರದ ಲೆಕ್ಕದಲ್ಲಿ ಹೆಣ್ಣು ಇರಲೇ ಇಲ್ಲ. ವೇದ ಓದುವ ಗಂಡಸಿನ ಋಣಗಳಷ್ಟೇ ಅಲ್ಲಿ ದಾಖಲು. ಓದುವ ಹಕ್ಕೇ ಇಲ್ಲದವಳಿಗೆ ಓದಿನ ಋಣ ಎಲ್ಲಿಂದ ಬರಬೇಕು?

ಹೆಣ್ಣಿನ ಋಣಕ್ಕೆ ನಮ್ಮ ಬದುಕು ಬೇರೊಂದು ಹೆಸರು ಇಟ್ಟಿತು: ತವರು. ತವರಿನ ಲೆಕ್ಕ ತಲೆಕೆಳಗು. ಬಿಟ್ಟು ಹೋದವಳು ಏನನ್ನೂ ಮರಳಿಸಬೇಕಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ಹೋಗುವುದು ತವರಿನಿಂದ ಮಗಳ ಮನೆಗೆ. ಅವಳಿಂದ ತವರು ಬಯಸುವುದು ಒಂದು ಒಳ್ಳೆಯ ಮಾತನ್ನು, ಆಗೊಮ್ಮೆ ಈಗೊಮ್ಮೆ ಬಂದು ಹೋಗುವುದನ್ನು. ಈ ಚಿತ್ರವನ್ನು ಅತಿಯಾಗಿ ಸಿಹಿ ಮಾಡುವುದೂ ತಪ್ಪು. ಬಾಗಿನದ ಮೊರ ಕೊಟ್ಟು ಆಸ್ತಿಯ ಪಾಲು ತಪ್ಪಿಸಿದ ತವರುಗಳೇ ಹೆಚ್ಚು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಸಿಗಲು ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಕಾನೂನು ತಿದ್ದಬೇಕಾಯಿತು. ಆದರೂ ಅದರೊಳಗಿನ ಒಂದು ತಿಳಿವು ಸರಿಯಾದದ್ದೇ: ಹೋದ ಮಗಳನ್ನು ವಸೂಲಿಗೆ ಹಿಡಿಯಬಾರದು.

ಇದಕ್ಕೆ ಬಲವಾದ ಎದುರುಮಾತು ಇದೆ. ಬಡ ದೇಶವೊಂದು ತನ್ನ ತೆರಿಗೆಯ ಹಣದಲ್ಲಿ ಮಕ್ಕಳನ್ನು ಓದಿಸುತ್ತದೆ. ಓದಿದವರು ಶ್ರೀಮಂತ ದೇಶಕ್ಕೆ ಹೋಗಿ ದುಡಿಯುತ್ತಾರೆ. ಫಲ ಅಲ್ಲಿಗೆ, ಖರ್ಚು ಇಲ್ಲಿಗೆ. ಇದು ನ್ಯಾಯವೆ? ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ 1970ರ ದಶಕದಲ್ಲಿ ಇದಕ್ಕೊಂದು ಪರಿಹಾರ ಮುಂದಿಟ್ಟರು. ಹೀಗೆ ವಲಸೆ ಹೋದ ಪರಿಣತರ ಆದಾಯದ ಮೇಲೆ ಒಂದು ತೆರಿಗೆ ಹಾಕಿ, ಆ ಹಣವನ್ನು ಅವರನ್ನು ಬೆಳೆಸಿದ ಬಡ ದೇಶಗಳಿಗೆ ಕೊಡುವುದು. ಋಣವನ್ನು ಸಾಲವಾಗಿ ಬದಲಿಸುವ, ಮೊತ್ತ ನಿಗದಿ ಮಾಡುವ ಗಂಭೀರ ಪ್ರಯತ್ನ ಅದು. ಅದನ್ನು ಹೇಳಿದ ಭಗವತಿಯವರೂ ಹಾಗೆ ಹೋಗಿ ಅಮೆರಿಕದಲ್ಲಿ ಕಲಿಸಿದವರೇ ಎನ್ನುವುದು ಆ ವಾದಕ್ಕೆ ತೂಕ ಕೊಡುತ್ತದೆ. ಅದು ಹೊರಗಿನವರ ಹೊಟ್ಟೆಕಿಚ್ಚಿನ ಮಾತಾಗಿರಲಿಲ್ಲ.

ಆದರೆ ನಮ್ಮ ಎದುರಿಗಿರುವ ಜೀವನಕ್ಕೆ ಇದನ್ನು ಹಚ್ಚಿ ನೋಡಿ. ಯಾರ ಪಾಲು ಎಷ್ಟು? ಶಾಲೆ ಖಾಸಗಿ ಕಾನ್ವೆಂಟಿನದು. ಪದವಿ ದೆಹಲಿಯ ಸಾರ್ವಜನಿಕ ವಿಶ್ವವಿದ್ಯಾಲಯದ್ದು. ಸಂಶೋಧನೆ ಅಮೆರಿಕದ್ದು. ಮೈಸೂರು ಕೊಟ್ಟದ್ದು ಏನು? ಓದಿಗೆ ಬೆಲೆ ಕೊಡುವ ಒಂದು ವಾತಾವರಣ, ಹೆಣ್ಣುಮಗಳು ನಿರ್ಭಯವಾಗಿ ಸೈಕಲ್ ತುಳಿಯಬಹುದಾದ ಬೀದಿ, ಮಕ್ಕಳನ್ನು ನೋಡಿಕೊಳ್ಳುವ ನೆರೆಹೊರೆ. ಊರು ಮಕ್ಕಳಿಗೆ ಕೊಡುವುದೇ ಇಂಥವನ್ನು. ಇವು ಯಾವ ಲೆಡ್ಜರಿನಲ್ಲೂ ಬರೆದಿರುವುದಿಲ್ಲ. ಬರೆಯಲು ಹೊರಟರೆ ಇವು ಸುಳ್ಳಾಗುತ್ತವೆ.

ಹಾಗಾದರೆ ಬಿಟ್ಟು ಹೋದವರ ಮೇಲೆ ಯಾವ ಹೊಣೆಯೂ ಇಲ್ಲವೆ? ಇದೆ. ಅದು ಊರಿಗೆ ಲಾಭ ಮಾಡಿಕೊಡುವ ಹೊಣೆಯಲ್ಲ, ಕಂಡದ್ದನ್ನು ಮರೆಯದಿರುವ ಹೊಣೆ.

ತನಗೆ ಅಂತಾರಾಷ್ಟ್ರೀಯ ಹಣಕಾಸಿನ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು 1990-91ರ ಭಾರತದ ಬಿಕ್ಕಟ್ಟಿನಿಂದ ಎಂದು ಗೀತಾ ಗೋಪಿನಾಥ್ ಹೇಳಿಕೊಂಡಿದ್ದಾರೆ. ಆಗ ಅವರು ದೆಹಲಿಯಲ್ಲಿ ವಿದ್ಯಾರ್ಥಿನಿ. ದೇಶದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದಿತ್ತು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಬಳಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ತಂದಿತು. ಮನೆಯ ಒಡವೆ ಅಡವಿಡುವುದು ಎಂದರೆ ಏನೆಂದು ತಿಳಿದಿದ್ದ ಜನಕ್ಕೆ ದೇಶವೇ ಒಡವೆ ಅಡವಿಟ್ಟ ಸುದ್ದಿ ಹೇಗೆ ತಟ್ಟಿತು ಎಂದು ಬಿಡಿಸಿ ಹೇಳಬೇಕಿಲ್ಲ. ಐಎಂಎಫ್‌ನಿಂದಲೂ ಸಾಲ ಬಂತು, ಜೊತೆಗೆ ಷರತ್ತುಗಳೂ ಬಂದವು. ಸಾಲ ಕೇಳುವವರ ಕಡೆಯಲ್ಲಿ ನಿಂತು ಇದನ್ನು ನೋಡಿದ ಹುಡುಗಿ, 28 ವರ್ಷಗಳ ಮೇಲೆ ಸಾಲ ಕೊಡುವವರ ಮೇಜಿನ ಆ ಬದಿಗೆ ಹೋಗಿ ಕುಳಿತರು.

ಅಲ್ಲಿ ಕುಳಿತವರು ಏನು ಮಾಡಬೇಕು? ಭಾರತದ ಪರ ವಾಲಿದರೆ ಹುದ್ದೆಗೆ ದ್ರೋಹ. ಏನೂ ಕಂಡಿಲ್ಲ ಎನ್ನುವಂತೆ ಅಂಕಿಗಳನ್ನು ಒದರಿದರೆ ನೆನಪಿಗೆ ದ್ರೋಹ. 2020ರ ಜನವರಿಯಲ್ಲಿ ಈ ಪರೀಕ್ಷೆ ನೇರವಾಗಿಯೇ ಬಂತು. 2019ಕ್ಕೆ ಭಾರತದ ಬೆಳವಣಿಗೆ ಶೇ 6.1 ಎಂದು ಮೊದಲು ಅಂದಾಜಿಸಿದ್ದ ಐಎಂಎಫ್ ಅದನ್ನು ಶೇ 4.8ಕ್ಕೆ ಇಳಿಸಿತು. ಆ ಅಂಕಿಯನ್ನು ದಾವೋಸ್‌ನಲ್ಲಿ ಜಗತ್ತಿನ ಮುಂದೆ ಇಟ್ಟವರು ‘ನಮ್ಮ ಹುಡುಗಿ’ಯೇ. ಇನ್ನು ಮಂತ್ರಿಗಳು ಐಎಂಎಫ್ ಮೇಲೆ, ಗೀತಾ ಗೋಪಿನಾಥ್ ಮೇಲೆ ಮುಗಿಬೀಳುವುದಕ್ಕೆ ನಾವು ಸಿದ್ಧರಾಗಬೇಕು ಎಂಬರ್ಥದಲ್ಲಿ ಮಾಜಿ ಹಣಕಾಸು ಸಚಿವ ಪಿ. ಚಿದಂಬರಂ ಆಗ ಬರೆದರು. ಅದು ರಾಜಕೀಯದ ಚುಚ್ಚುಮಾತು, ಇರಲಿ. ಆದರೆ ‘ನಮ್ಮವರು’ ಎಂಬ ಪ್ರೀತಿಗೆ ಒಂದು ಗುಪ್ತ ಷರತ್ತಿದೆ ಎಂದು ಅದು ತೋರಿಸಿತು: ನಮ್ಮವರು ನಮ್ಮ ಬಗ್ಗೆ ಒಳ್ಳೆಯದನ್ನೇ ಹೇಳಬೇಕು. ಓದಿಸಿದ ಊರಿಗೆ ಸಲ್ಲಬೇಕಾದ ಋಣ ಇಂಥ ಒಳ್ಳೆಯ ಮಾತಲ್ಲ, ಸರಿಯಾದ ಲೆಕ್ಕ. ಓದಿನ ಋಣ ತೀರುವುದು ನಿಜ ಹೇಳುವುದರಿಂದಲೇ.

ಹಾಗೆ ಮಾಡಿದ ಕೆಲಸ ಕೆಲವೊಮ್ಮೆ ಊರನ್ನು ಹೆಸರಿಸದೆಯೇ ಊರಿಗೆ ತಲುಪುತ್ತದೆ. ಗೀತಾ ಗೋಪಿನಾಥ್ ಮತ್ತು ಸಂಗಡಿಗರ ಹೆಸರಾದ ಸಂಶೋಧನೆ ಡಾಲರಿನ ಯಜಮಾನಿಕೆಯ ಕುರಿತದ್ದು. ಹಳೆಯ ಪಾಠ ಹೀಗಿತ್ತು: ಒಂದು ದೇಶದ ಹಣದ ಬೆಲೆ ಕುಸಿದರೆ ಅದರ ಸರಕು ಹೊರಗಿನವರಿಗೆ ಅಗ್ಗವಾಗುತ್ತದೆ, ರಫ್ತು ಏರುತ್ತದೆ, ಬಿಕ್ಕಟ್ಟು ತಾನಾಗಿ ಇಳಿಯುತ್ತದೆ. ಆದರೆ ಜಗತ್ತಿನ ವ್ಯಾಪಾರದ ದೊಡ್ಡ ಪಾಲಿಗೆ ಬಿಲ್ಲು ಬರೆಯುವುದು ಡಾಲರಿನಲ್ಲಿ. ಮೈಸೂರಿನ ಪಕ್ಕದ ಕೊಡಗಿನ ಬೆಳೆಗಾರರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಕಾಫಿಗೆ ಎಷ್ಟು ಸಿಗುತ್ತದೆ ಎನ್ನುವುದು ಲಂಡನ್, ನ್ಯೂಯಾರ್ಕ್ ಮಾರುಕಟ್ಟೆಗಳ ಡಾಲರ್ ದರದಿಂದ ನಿರ್ಧಾರವಾಗುತ್ತದೆ. ಕೊಳ್ಳುವವನು ಇಟಲಿಯವನಾದರೂ ಅಷ್ಟೆ. ರೂಪಾಯಿ ಇಳಿದ ಮಾತ್ರಕ್ಕೆ ಅವನಿಗೆ ನಮ್ಮ ಕಾಫಿ ಅಗ್ಗವಾಗುವುದಿಲ್ಲ. ಇತ್ತ ಆಮದಾಗುವ ಗೊಬ್ಬರ, ಎಣ್ಣೆ ಮಾತ್ರ ತುಟ್ಟಿಯಾಗುತ್ತವೆ. ಹೀಗಾಗಿ ಎಲ್ಲ ದೇಶಕ್ಕೂ ಒಂದೇ ಔಷಧ ಸಲ್ಲದು ಎಂಬ ಮಾತಿಗೆ ಈ ಸಂಶೋಧನೆ ಗಟ್ಟಿ ತಳಹದಿ ಒದಗಿಸಿತು. ಅದರ ಹಿಂದೆ ಮೈಸೂರಿನ ನೆನಪು ಇತ್ತೋ ಇಲ್ಲವೋ ಎಂದು ಹುಡುಕಬೇಕಾಗಿಲ್ಲ. ಊರಿಗೆ ಎಂದು ಬರೆಯದೇ ಊರಿಗೂ ಸಲ್ಲುವುದೇ ಋಣ ತೀರುವ ಬಗೆ.

ಇಷ್ಟು ಹೋದವರ ಮಾತಾಯಿತು. ಉಳಿದವರ ಹೊಣೆ ಏನು? ‘ನಮ್ಮ’ ಎಂದವರು ನಾವು ತಾನೆ?

1881ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿ ಶಾಲೆ ಆರಂಭವಾಯಿತು. ಆಗ ಹೆಣ್ಣು ಓದಿದರೆ ಕೇಡು ಎನ್ನುವವರೇ ಹೆಚ್ಚು. ಆ ಶಾಲೆ ಕಟ್ಟಿದವರಿಗೆ ಇಲ್ಲಿ ಓದುವ ಯಾವ ಹುಡುಗಿ ನಾಳೆ ನಮಗೇನು ಕೊಡುತ್ತಾಳೆ ಎಂಬ ಲೆಕ್ಕ ಇದ್ದಿರಲಾರದು. 1913ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಬ್ಯಾಂಕ್ ಆಫ್ ಮೈಸೂರು ಹುಟ್ಟಿತು. ನೂರು ವರ್ಷಕ್ಕೂ ಹೆಚ್ಚು ಬಾಳಿ, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಬೋರ್ಡಿನ ಮೇಲಿದ್ದ ಊರಿನ ಹೆಸರು ಅಳಿಯಿತು. ಆದರೆ ಅದು ಕೊಟ್ಟ ಸಾಲದಿಂದ ತೆರೆದ ಅಂಗಡಿ, ತೋಡಿದ ಬಾವಿ, ಓದಿದ ಮಗ ಅಳಿಯಲಿಲ್ಲ. ಒಂದು ಊರು ಕೊಟ್ಟದ್ದು ಉಳಿಯುವುದು ಹೀಗೆ, ಹೆಸರು ಕಳೆದುಕೊಂಡು. ಅಂಥವರು ಕೊಟ್ಟದ್ದರ ಮೇಲೆ ನಿಂತಿರುವ ನಾವು ಹೆಮ್ಮೆಯನ್ನು ಮಾತ್ರ ಉಳಿಸಿಕೊಂಡು, ಕೊಡುವ ಕೆಲಸವನ್ನು ಬಿಟ್ಟಿದ್ದರೆ ಋಣದಲ್ಲಿ ಇರುವವರು ನಾವು.

ಯಾಕೆಂದರೆ ಊರು ಬಿಟ್ಟ ಹೆಂಗಸರು ಬೇರೆಯವರೂ ಇದ್ದಾರೆ. 2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರ ಭಾಗದ ಹಳ್ಳಿಗಳಿಂದ ಕುಟುಂಬಗಳು ಮನೆಗೆ ಬೀಗ ಹಾಕಿ ಹೋದ ಸುದ್ದಿಗಳು ಬಂದವು. ಕಾರಣ ಮೈಕ್ರೋಫೈನಾನ್ಸ್ ಸಾಲ. ಹೆಚ್ಚಾಗಿ ಹೆಂಗಸರ ಹೆಸರಿನಲ್ಲಿ, ಗುಂಪಿನ ಜಾಮೀನಿನ ಮೇಲೆ ಕೊಡುವ ಸಾಲ ಇದು. ವಾರ ವಾರವೂ ಕಂತು. ಒಬ್ಬಳು ತಪ್ಪಿದರೆ ಉಳಿದವರ ಮೇಲೆ ಭಾರ. ಒಂದು ಸಾಲದ ಕಂತಿಗೆ ಇನ್ನೊಂದು ಸಾಲ. ಕಂತು ಕಟ್ಟಲಾಗದವರ ಮನೆಬಾಗಿಲಿಗೆ ವಸೂಲಿಯವರು. ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಇವರೂ ಹಣಕಾಸಿನ ಲೋಕದವರೇ. ಸಾಲ, ಷರತ್ತು, ವಾಯಿದೆ, ಬಿಕ್ಕಟ್ಟು ಎಂಬ ಅದೇ ಪದಗಳು ಅವರ ಬದುಕಿನಲ್ಲೂ ಇವೆ. 1991ರಲ್ಲಿ ದೇಶ ಒಡವೆ ಅಡವಿಟ್ಟಾಗ ಅದನ್ನು ನಮ್ಮೆಲ್ಲರ ಸಂಕಟ ಎಂದೆವು. ಈ ಹೆಂಗಸರು ಓಲೆ ಅಡವಿಟ್ಟಾಗ ಅದು ಅವರವರ ಕರ್ಮವಾಯಿತು. ವಾಷಿಂಗ್ಟನ್ನಿಗೆ ಹೋದವರನ್ನು ‘ನಮ್ಮೂರಿನ ಹುಡುಗಿ’ ಎಂದ ಬಾಯಿ ರಾತ್ರೋರಾತ್ರಿ ಬೀಗ ಹಾಕಿ ಹೋದವಳನ್ನು ಹಾಗೆ ಕರೆಯಲಿಲ್ಲ. ಅವಳು ಬರೀ ‘ಸಾಲಗಾರ್ತಿ’.

ಹೆಮ್ಮೆಯ ನಿಜವಾದ ಪರೀಕ್ಷೆ ಇಲ್ಲಿದೆ. ಗೆದ್ದವರನ್ನು ‘ನಮ್ಮವರು’ ಎನ್ನಲು ಏನೂ ಖರ್ಚಾಗುವುದಿಲ್ಲ. ಅದರಿಂದ ನಮಗೇ ಲಾಭ, ಅವರ ಬೆಳಕಿನಲ್ಲಿ ನಾವೂ ಸ್ವಲ್ಪ ಹೊಳೆಯುತ್ತೇವೆ. ಸೋತವರನ್ನು ‘ನಮ್ಮವರು’ ಎಂದರೆ ಕೂಡಲೇ ಕೆಲಸ ಬೀಳುತ್ತದೆ. ಅವರ ಸಾಲ ಯಾಕೆ ಬೆಳೆಯಿತು ಎಂದು ಕೇಳಬೇಕು, ಸಹಕಾರ ಸಂಘ, ಬ್ಯಾಂಕುಗಳು ಅವರನ್ನು ಯಾಕೆ ಒಳಗೆ ಬಿಟ್ಟುಕೊಳ್ಳಲಿಲ್ಲ ಎಂದು ಕೇಳಬೇಕು, ಅವರ ಮಗಳು ಶಾಲೆ ಬಿಡದಂತೆ ನೋಡಿಕೊಳ್ಳಬೇಕು. ‘ನಮ್ಮ’ ಎಂಬ ಮಾತು ಬೆಲೆ ತೆರುವುದು ಆಗ. ಬೆಲೆ ತೆರದ ‘ನಮ್ಮ’ ಬರೀ ಚಪ್ಪಾಳೆ.

ಗೀತಾ ಗೋಪಿನಾಥ್ ಮೈಸೂರಿಗೆ ಏನು ಕೊಡಬೇಕು ಎನ್ನುವುದು ಹಾಗಾಗಿ ತಪ್ಪಾಗಿ ಕೇಳಿದ ಪ್ರಶ್ನೆ. ಅವರು ತಾವು ನಂಬಿದ ವಿದ್ಯೆಯನ್ನು ಮಾಡಿದರು, ಈಗ ಕಲಿಸಲು ಮರಳಿದ್ದಾರೆ. ಓದಿನ ಋಣಕ್ಕೆ ಅದಕ್ಕಿಂತ ನೇರವಾದ ಸಂದಾಯ ಇಲ್ಲ. ಅವರು ಬೆಳೆದ ಊರು ಇವತ್ತು ಬೀಗ ಹಾಕಿದ ಆ ಮನೆಯ ಹುಡುಗಿಗೆ ಏನು ಕೊಡುತ್ತಿದೆ ಎನ್ನುವುದು ಸರಿಯಾದ ಪ್ರಶ್ನೆ. ಆ ಹುಡುಗಿ ನಾಳೆ ಯಾವ ಕುರ್ಚಿಯಲ್ಲೂ ಕೂರದಿರಬಹುದು. ಯಾವ ಪೇಪರಿನಲ್ಲೂ ಅವಳ ಹೆಸರು ಬರದಿರಬಹುದು. ಅವಳನ್ನು ಈಗಲೇ ‘ನಮ್ಮೂರಿನ ಹುಡುಗಿ’ ಎಂದು ಕರೆಯುವವರು ಇದ್ದರೆ, ಅವರ ಬಾಯಲ್ಲಿ ಆ ಮಾತಿಗೆ ಅರ್ಥವಿದೆ.